ಮಾವನ ಕುತ್ತಿಗೆಯ ಪೌಡರ್

ಇದು ನಡೆದದ್ದು ನಿಜ. ನಾನು ಹೇಳುವುದರಲ್ಲಿ ಸಾಸಿವೆಯಷ್ಟು ಸುಳ್ಳಿದ್ದರೂ ನಾಳೆಯಿಂದ ನನ್ನ ಮೀಸೆ ಎಡಗಡೆ ಮಾತ್ರ ಬೆಳೆಯಲಿ. ನಮ್ಮ ಬೀದಿಯಲ್ಲಿ ಕಿಟಕಿಗೆ ಗಾಜು ಕೂರಿಸುವ ಗಾಜಿನವನ ಪಿಕಪ್ ಗಾಡಿ ಆಯಿಲ್ ಸೋರುತ್ತಿದ್ದ ಕಾಲದ ಮಾತು. ಅವನ ಅಂಗಳದ ಎದುರಿಗೇ ನನ್ನ ಜಗಲಿ. ಅಲ್ಲಿ ಕೂತರೆ ಆ ಮನೆಯ ಇರುವೆ ಸೀನಿದರೂ ನನಗೆ ಕೇಳಿಸುತ್ತದೆ. ಅವನ ತಲೆಯೊಳಗೆ ಓಡಿದ್ದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಅರ್ಧ ಅವನೇ ಹೇಳಿದ. ಉಳಿದರ್ಧ ಅವನ ಮುಖದ ಮೇಲೆ ಬರೆದಿತ್ತು. ಅಷ್ಟು ದಪ್ಪ ಅಕ್ಷರವಾದರೆ ನನಗೂ ಓದಲು ಬರುತ್ತದೆ.

ಆವತ್ತು ಬೆಳಿಗ್ಗೆ ಗಾಜಿನವನು ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ. ಮುಂದಿನ ಗಾಲಿಗಳು ದಪ್ಪ ಹಲಗೆಯ ಮೇಲೆ, ಹಿಂದಿನ ಗಾಲಿಗಳಿಗೆ ಕಲ್ಲಿನ ಒತ್ತು. ಮೂಗಿನಿಂದ ಒಂದು ಗೇಣು ಮೇಲೆ ಆಯಿಲ್ ಚೇಂಬರ್. ಅಂದರೆ ಎಂಜಿನ್ನಿನ ಹೊಟ್ಟೆಗೆ ಸುತ್ತಲೂ ಬೋಲ್ಟು ಕೊಟ್ಟು ಬಿಗಿದ ತಗಡಿನ ತೊಟ್ಟಿ. ಎಂಜಿನ್ ಕುಡಿಯುವ ಆಯಿಲೆಲ್ಲ ಅದರಲ್ಲೇ ನಿಲ್ಲುವುದು. ಅದರ ಹಿಂದಿನ ಮೂಲೆಯಲ್ಲಿ ಒಂದು ಹನಿ ಕಟ್ಟುತ್ತಿತ್ತು. ಮೊದಲು ಬರೀ ಹೊಳಪು, ಆಮೇಲೆ ಎಳ್ಳು, ಆಮೇಲೆ ತೊಗರಿಕಾಳು. ಆ ಕಪ್ಪು ಹನಿಯೊಳಗೆ ಅಂಗಳವೆಲ್ಲ ತಲೆಕೆಳಗಾಗಿ ಕೂತಿತ್ತು. ಬಾಗಿಲು, ಬಟ್ಟೆ ಒಣಹಾಕಿದ ತಂತಿ, ಕುರ್ಚಿ, ಕುರ್ಚಿಯಲ್ಲಿ ಮಾವ. ಹನಿ ಬಿತ್ತು. ಮಾವನೂ ಅದರ ಜೊತೆಗೇ ಬಿದ್ದು ಕೆಳಗಿಟ್ಟ ತಟ್ಟೆಯಲ್ಲಿ ಕರಗಿಹೋದ. ಗಾಜಿನವನಿಗೆ ಒಂದು ಕ್ಷಣ ಹಿತವಾಯಿತು. ಅಷ್ಟರಲ್ಲಿ ಹೊಸ ಹನಿ ಕಟ್ಟಿತು, ಅದರೊಳಗೆ ಮಾವ ಮತ್ತೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಮಾವನೆಂದರೆ ಹೆಂಡತಿಯ ಅಪ್ಪ, ಈ ಗಾಡಿಯ ಮೊದಲ ಯಜಮಾನ. ಮೊಣಕಾಲು ಹಿಡಿದುಕೊಂಡು ಕ್ಲಚ್ ತುಳಿಯಲಾಗದೆ ಹೋದಾಗ ಕೀಲಿಯನ್ನು ಹಿರಿಯ ಅಳಿಯನಿಗೆ ಕೊಟ್ಟಿದ್ದ. ಕೊಟ್ಟದ್ದೂ ನೇರವಾಗಿ ಅಲ್ಲ. ಅಳಿಯ ಮೊಳದ ದೂರದಲ್ಲಿ ನಿಂತಿದ್ದರೂ ಮಗಳ ಕೈಯಲ್ಲಿಟ್ಟು, ನಿನ್ನ ಗಂಡನಿಗೆ ಕೊಡು ಎಂದಿದ್ದ. ಈ ಮಾವ ಅಳಿಯ ಮದುವೆಯ ದಿನದಿಂದ ಒಬ್ಬರಿಗೊಬ್ಬರು ನೇರ ಮಾತಾಡಿದವರಲ್ಲ. ಜಗಳವಿಲ್ಲ, ಸಿಟ್ಟಿಲ್ಲ. ಮೊದಲ ದಿನ ಇಬ್ಬರಿಗೂ ನಾಚಿಕೆ. ಮಾರನೆಯ ದಿನ, ನಿನ್ನೆ ಮಾತಾಡಲಿಲ್ಲವಲ್ಲ ಎಂಬ ನಾಚಿಕೆ. ಹಾಗೇ ಗಟ್ಟಿಯಾಗುತ್ತ ಹೋಗಿ ಕೊನೆಗೆ ಅದೇ ಮನೆಯ ಪದ್ಧತಿಯಾಯಿತು. ಎದುರುಬದುರು ಕೂತು ಉಣ್ಣುವಾಗಲೂ ನಿಮ್ಮಪ್ಪನಿಗೆ ಉಪ್ಪು ಬೇಕಾ ಕೇಳು, ಬೇಡ ಅಂತ ಹೇಳು. ನಡುವೆ ಆ ಹೆಣ್ಣುಮಗಳು ಮಾತು ಹೊತ್ತು ಹೊತ್ತು ಸಾಕಾಗಿದ್ದಳು. ಒಮ್ಮೆ ಅವಳಿಗೆ ಗಂಟಲು ಕಟ್ಟಿದಾಗ ಆ ಮನೆ ಎಷ್ಟು ಮೂಕವಾಗಿತ್ತೆಂದರೆ ಗೋಡೆಯ ಸುಣ್ಣ ಒಣಗುವುದು ನನ್ನ ಜಗಲಿಗೆ ಕೇಳುತ್ತಿತ್ತು.

ಆ ಬೆಳಿಗ್ಗೆ ಮಾವ ತನ್ನ ಊರಿಂದ ಬಂದವನೇ ಸ್ನಾನ ಮಾಡಿ, ಕುತ್ತಿಗೆಗೆ ಬೆಳ್ಳಗೆ ಪೌಡರ್ ಬಡಿದುಕೊಂಡು, ಕುರ್ಚಿಯನ್ನು ಗಾಡಿಯ ಪಕ್ಕಕ್ಕೇ ಹಾಕಿಸಿಕೊಂಡ. ನೆಲದ ಮೇಲಿನ ಕಪ್ಪು ಕಲೆಯನ್ನು ಸತ್ತವರ ಮುಖ ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿ, ಮಗಳನ್ನು ಕರೆದ.

"ನಿನ್ನ ಗಂಡನಿಗೆ ಹೇಳಮ್ಮ. ನಾನು ಓಡಿಸ್ತಿದ್ದಾಗ ಈ ಗಾಡಿ ಒಂದು ತೊಟ್ಟು ನೆಲಕ್ಕೆ ಬಿಟ್ಟಿದ್ದಿಲ್ಲ. ಸಂಜೆ ಚಿಕ್ಕ ಅಳಿಯ ಬರ್ತಾನೆ. ಆಗಲೂ ಸೋರ್ತಾ ಇದ್ರೆ ಕೀ ಅವನಿಗೆ."

ಚಿಕ್ಕ ಅಳಿಯ, ಎಂದರೆ ಗಾಜಿನವನ ಷಡ್ಡಕ, ಚಪ್ಪಲಿಯ ಮೇಲ್ಭಾಗವನ್ನಷ್ಟೇ ಅಲ್ಲ, ಅಡಿಯನ್ನೂ ಸೋಪು ಹಚ್ಚಿ ತೊಳೆಯುವ ಮನುಷ್ಯ. ಅವನ ಕೈಯಲ್ಲಿ ಈ ಗಾಡಿ ಹೇಗಿರುತ್ತದೆಂದು ಗಾಜಿನವನಿಗೆ ಮಲಗಿದಲ್ಲೇ ಕಾಣಿಸಿತು. ಸೀಟಿಗೆ ಪ್ಲಾಸ್ಟಿಕ್ ಹೊದಿಕೆ, ಕನ್ನಡಿಗೆ ಬಟ್ಟೆ, ಹಾರ್ನಿಗೂ ಒಂದು ಟೋಪಿ. ಓಡಿಸುವುದಕ್ಕಿಂತ ಒರೆಸುವುದೇ ಹೆಚ್ಚು. ಮತ್ತೆ ತನಗೆ ಹಳೆಯ ತಳ್ಳುಗಾಡಿ. ತಳ್ಳುಗಾಡಿಯಲ್ಲಿ ಗಾಜು ಒಯ್ಯುವುದೆಂದರೆ ಬೀದಿಯ ಪ್ರತಿ ಗುಂಡಿಗೂ ಕೈಮುಗಿಯುತ್ತ ಹೋಗಬೇಕು. ಈ ಪಿಕಪ್ಪಿನ ಸುಖವೇ ಬೇರೆ. ಹಿಂದೆ ಮರದ ಚೌಕಟ್ಟು, ಅದಕ್ಕೊರಗಿಸಿ ಕಟ್ಟಿದ ಗಾಜು, ಗಾಜಿನೊಳಗೆ ಅರ್ಧ ಆಕಾಶ. ಒಮ್ಮೆ ಆಳೆತ್ತರದ ಕನ್ನಡಿ ಹೇರಿಕೊಂಡು ಹೋಗುತ್ತಿದ್ದಾಗ ಹಿಂದೆ ಬಂದ ಕಾರಿನವನು ಎದುರಿಗೆ ಬರುತ್ತಿರುವುದು ತನ್ನದೇ ಕಾರೆಂದು ತಿಳಿಯದೆ ಊರು ಮುಗಿಯುವವರೆಗೆ ಹಾರ್ನ್ ಹೊಡೆದು, ಕೊನೆಗೆ ತನಗೆ ತಾನೇ ದಾರಿ ಬಿಟ್ಟು ಚರಂಡಿಗೆ ಇಳಿದಿದ್ದ. ಅದನ್ನು ನೆನೆದು ಗಾಜಿನವನು ಚೇಂಬರಿನ ಕೆಳಗೆ ಒಬ್ಬನೇ ಕಿಸಕ್ಕನೆ ನಕ್ಕ. ಏನು ನಗ್ತಾನೆ ಕೇಳು ಎಂದ ಮಾವ. ಏನಿಲ್ಲ ಅಂತ ಹೇಳು ಎಂದ ಅಳಿಯ. ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ಎರಡೂ ಮಾತು ಹಾಗೇ ಅಂಗಳದಲ್ಲಿ ಬಿದ್ದುಕೊಂಡವು.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನ ಹೊಟ್ಟೆಯಲ್ಲಿ ಒಂದು ಸದ್ದು ಕೂತಿತ್ತು, ಟಣ್ ಎಂಬ ಸದ್ದು. ಒಂದು ದಿನ ಗಾಜಿಲ್ಲದ ಖಾಲಿ ಗಾಡಿ, ಮುಂದೆ ಖಾಲಿ ರಸ್ತೆ, ಏನೋ ಹುಮ್ಮಸ್ಸು, ಜೋರಾಗಿ ಬಿಟ್ಟಿದ್ದ. ರಸ್ತೆಯ ಉಬ್ಬು ಕಾಣಲಿಲ್ಲ. ಗಾಡಿ ಹಾರಿ ಕೆಳಗೆ ಕೂತಾಗ ಹೊಟ್ಟೆಯಡಿ ಎಲ್ಲೋ ಟಣ್ ಎಂದಿತ್ತು. ಇಳಿದು ಬಗ್ಗಿ ನೋಡಿದ್ದ, ಏನೂ ಕಂಡಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಆಮೇಲೆ ಸೋರಲು ಶುರುವಾಯಿತು. ಅಂದಿನಿಂದ ಎಲ್ಲಿ ಚಮಚ ತಟ್ಟೆಗೆ ತಾಗಿದರೂ ಅವನಿಗೆ ಬೆನ್ನು ಚುರ್ರೆನ್ನುತ್ತಿತ್ತು. ಗಾಜು ಕೂರಿಸಲು ಹೋದ ಮನೆಗಳಲ್ಲೆಲ್ಲ ಬಾಗಿಲ ಮುಂದೆ ಒಂದು ಕಪ್ಪು ಬೊಟ್ಟು ಬಿಟ್ಟು ಬರುತ್ತಿದ್ದ. ಒಬ್ಬ ಮನೆಯಾಕೆ, ಕಿಟಕಿ ಚೆನ್ನಾಗಿ ಕೂರಿಸಿದ್ದೀರಿ, ಆದರೆ ನಿಮ್ಮದನ್ನ ಸ್ವಲ್ಪ ಅಭ್ಯಾಸ ಮಾಡಿಸಬಾರದೇ, ಎಂದು ಗಾಡಿಯ ಕಡೆ ಬೆರಳು ತೋರಿಸಿದ್ದಳು, ಅವನು ಸಾಕಿದ ನಾಯಿ ಅವಳ ಅಂಗಳ ಹೊಲಸು ಮಾಡಿದ ಹಾಗೆ. ಅವನು ತನ್ನ ಅಂಗಿಯಿಂದಲೇ ನೆಲ ಒರೆಸಿ, ಬರಿ ಬನಿಯನ್ನಿನಲ್ಲಿ ಗಾಡಿ ಓಡಿಸಿಕೊಂಡು ಬಂದಿದ್ದ. ಹೆಂಡತಿ ಅಂಗಿಯೆಲ್ಲಿ ಎಂದಾಗ ಗಾಳಿಗೆ ಹೋಯಿತು ಎಂದಿದ್ದ.

ಆ ಟಣ್‌ಗಾಗಿಯೇ ಅವನು ಚೇಂಬರನ್ನು ಮತ್ತೆ ಮತ್ತೆ ಬಿಚ್ಚುತ್ತಿದ್ದ. ಆಯಿಲ್ ಇಳಿಸುವುದು, ಬೋಲ್ಟು ಬಿಚ್ಚುವುದು, ಎಂಜಿನ್ನಿಗೂ ಚೇಂಬರಿಗೂ ನಡುವೆ ಆಯಿಲ್ ಸೋರದಂತೆ ಇಡುವ ಪ್ಯಾಕಿಂಗ್ ಪಟ್ಟಿ ಕಿತ್ತು ಹೊಸದು ಕೂರಿಸುವುದು, ಅದರ ಮೇಲೆ ಅಂಟು ಬಳಿಯುವುದು, ತಿರುಗಿ ಬಿಗಿಯುವುದು. ಪ್ರತಿ ಸಲ ಹಿಂದಿನ ಸಲಕ್ಕಿಂತ ಹೆಚ್ಚು ಅಂಟು. ಕಳೆದ ಸಲ ಎಷ್ಟು ಬಳಿದಿದ್ದನೆಂದರೆ ಸ್ಪ್ಯಾನರ್, ಅವನ ಎಡಗೈ ಮತ್ತು ಹಾದುಹೋಗುತ್ತಿದ್ದ ಒಂದು ಕೋಳಿ ಮೂರೂ ಚೇಂಬರಿಗೆ ಅಂಟಿಕೊಂಡು, ಹೆಂಡತಿ ಬಿಸಿನೀರು ಹೊಯ್ದು ಬಿಡಿಸಬೇಕಾಯಿತು. ಕೋಳಿ ನಾನೇ ನೋಡಿದೆ. ಆದರೂ ಮಾರನೆಯ ದಿನ ಅದೇ ಮೂಲೆ, ಅದೇ ಹನಿ. ತಪ್ಪು ಮಾಡಿದವನ ಕಣ್ಣು ತಪ್ಪಿನ ಜಾಗ ಬಿಟ್ಟು ಬೇರೆ ಕಡೆ ಹೊರಳುವುದಿಲ್ಲ. ಇವತ್ತೂ ಹೊಸ ಪ್ಯಾಕಿಂಗ್ ಎದೆಯ ಮೇಲಿಟ್ಟುಕೊಂಡು, ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಚ್ಚಿ, ಇದೇ ಕೊನೆ ಎಂದುಕೊಂಡ. ಇದೂ ಸೋರಿದರೆ ಸಂಜೆ ತಾನೇ ಕೀಲಿ ಒರೆಸಿ ಹೆಂಡತಿಯ ಕೈಯಲ್ಲಿಡುವುದು, ಷಡ್ಡಕ ಹೊರಡುವಾಗ ಹಿತ್ತಲಿಗೆ ಹೋಗಿಬಿಡುವುದು, ಸದ್ದು ದೂರ ಆಗುವವರೆಗೆ ನಲ್ಲಿ ಬಿಟ್ಟುಕೊಂಡು ನಿಲ್ಲುವುದು.

ಬಿಸಿಲು ಏರಿತ್ತು. ಮಲಗಿದಲ್ಲಿಂದ ಕತ್ತು ಹೊರಳಿಸಿದರೆ ಮಾವ ಕಾಣುತ್ತಿದ್ದ, ಪಾದದಿಂದ ಶುರುವಾಗಿ ಮೇಲೆ ಹೋಗುವ ಮಾವ. ದಪ್ಪ ಪಾದ, ಊದಿದ ಮೊಣಕಾಲು, ಹೊಟ್ಟೆ, ಅಂಗಿಯ ಕಾಲರು, ಕಾಲರಿನ ತುದಿಯಲ್ಲಿ ತೂಗುತ್ತಿದ್ದ ಒಂದು ಬೆವರಿನ ಹನಿ. ಗಾಜಿನವನು ಆ ಹನಿಯನ್ನೇ ನೋಡುತ್ತಿದ್ದ. ಹನಿ ನೋಡಿ ನೋಡಿ ಅವನಿಗೆ ಅದೇ ಚಾಳಿಯಾಗಿಬಿಟ್ಟಿತ್ತು. ಕಾಲರು ಸೋರುತ್ತಿದೆ, ಕಾಲರಿನ ಪ್ಯಾಕಿಂಗ್ ಬದಲಿಸಬೇಕು ಎಂದು ಮನಸ್ಸು ತಾನಾಗಿಯೇ ಹೇಳಿತು. ಆಮೇಲೆ ಅವನಿಗೇ ನಗು ಬಂತು. ಕಾಲರು ಯಾಕೆ ಸೋರುತ್ತದೆ? ಬಿಳಿ ಪೌಡರಿನ ಮೇಲೆ ಬೆವರು ಒಂದು ಸಣ್ಣ ಗೆರೆ ಕೊರೆದಿತ್ತು. ಕಣ್ಣು ಆ ಗೆರೆ ಹಿಡಿದು ಮೇಲೆ ಹತ್ತಿತು. ಕುತ್ತಿಗೆ, ಕಿವಿಯ ಹಿಂದೆ, ಅಲ್ಲಿಂದ ಇನ್ನೂ ಮೇಲೆ, ನರೆಗೂದಲಿನೊಳಗೆ. ಬೆವರು ಹುಟ್ಟಿದ್ದು ನೆತ್ತಿಯಲ್ಲಿ, ತೂಗುತ್ತಿದ್ದುದು ಕಾಲರಿನಲ್ಲಿ. ಗಾಜಿನವನ ಕೈಯಿಂದ ಸ್ಪ್ಯಾನರ್ ಜಾರಿ ಹಣೆಗೆ ಬಡಿಯಿತು. ನೋವೇ ಆಗಲಿಲ್ಲ. ಅಲ್ಲೇ ಮಲಗಿ ಹೆಂಡತಿಯನ್ನು ಕೂಗಿದ, ಮನೆಯಲ್ಲಿರುವ ಪೌಡರ್ ಡಬ್ಬಿಯೆಲ್ಲ ತಾ ಎಂದ.

ಅವಳು ಡಬ್ಬಿ ಹಿಡಿದುಕೊಂಡು ಬಂದು, ಗಂಡನ ಹಣೆಯ ಬುಗುಟು ನೋಡಿ, ಬಿಸಿಲಿಗೆ ತಲೆ ಕೆಟ್ಟಿತೋ ಏನೋ ಎಂದು ಅವನ ಕೆನ್ನೆ ಮುಟ್ಟಿ ನೋಡಿದಳು. ಇಬ್ಬರೂ ಸೇರಿ ಡೀಸೆಲ್ ಬಟ್ಟೆಯಲ್ಲಿ ಚೇಂಬರನ್ನು, ಅದರ ಮೇಲಿನ ಎಂಜಿನ್ನನ್ನು ಉಜ್ಜಿ ಉಜ್ಜಿ ಒರೆಸಿ, ಪೂರ್ತಿ ಒಣಗಿಸಿ, ಅಂಗೈಗೆ ಸುರಿದು ಊದಿ ಊದಿ ಪೌಡರ್ ಹಾರಿಸಿದರು. ಎಂಜಿನ್ ಆಗ ತಾನೇ ಮೀಯಿಸಿದ ಕೂಸಿನ ಹಾಗಾಯಿತು. ಬೀದಿಯೆಲ್ಲ ಘಮ್ಮೆಂದಿತು. ಗಾಡಿಯ ಅಡಿ ಮಲಗಿದ್ದ ಕರಿ ನಾಯಿ ಬಿಳಿಯಾಗಿ ಹೊರಬಂದಾಗ ಅದನ್ನು ಹೆತ್ತ ತಾಯಿಯೇ ಗುರುತು ಹಿಡಿಯದೆ ಬೊಗಳಿ ಓಡಿಸಿತು. ಮಾವ ಕುರ್ಚಿಯಿಂದಲೇ, ಏನು ಮಾಡ್ತಾ ಇದ್ದಾನೆ ಕೇಳು ಎಂದ. ನೋಡಬೇಕು ಅಂದ್ರೆ ಕೆಳಗೆ ಬರಬೇಕಂತೆ ಎಂದಳು ಮಗಳು. ಅದನ್ನು ಗಂಡ ಹೇಳಿರಲೇ ಇಲ್ಲ, ಅವಳೇ ಸೇರಿಸಿದ್ದು. ಮಾವ ಮೊಣಕಾಲು ನೋಡಿಕೊಂಡ, ಗಾಡಿ ನೋಡಿದ. ನಿಲ್ಲೋದಕ್ಕೆ ಮೊಣಕಾಲು ಬೇಕು, ಮಲಗೋದಕ್ಕೆ ಯಾಕೆ ಎಂದು ಗೊಣಗುತ್ತ ಕುರ್ಚಿಯಿಂದ ಜಾರಿ, ಗೋಣಿಚೀಲದ ಮೇಲೆ ಇಂಚಿಂಚೇ ತೆವಳಿ, ಅಳಿಯನ ಪಕ್ಕ ಬಂದು ಅಂಗಾತನಾದ. ಹೆಂಡತಿ ಮೇಲೆ ಹೋಗಿ ಸೀಟಿನಲ್ಲಿ ಕೂತು ಗಾಡಿ ಶುರು ಮಾಡಿದಳು.

ಎಂಜಿನ್ ನಡುಗಿತು. ಇಬ್ಬರ ಮುಖದ ಮೇಲೂ ಬಿಳಿ ಪುಡಿ ಸುರಿಯಿತು. ಭುಜಕ್ಕೆ ಭುಜ ತಾಗಿತ್ತು. ಮಾವನ ಮೈಯ ಬಿಸಿ, ಸೋಪಿನ ವಾಸನೆ, ಅವನು ಉಸಿರು ಎಳೆದುಕೊಳ್ಳುವ ಸದ್ದು. ಈ ಮನುಷ್ಯನ ಇಷ್ಟು ಹತ್ತಿರ ತಾನು ಯಾವತ್ತೂ ಬಂದಿಲ್ಲವಲ್ಲ ಎನಿಸಿ ಗಾಜಿನವನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಚೇಂಬರ್ ಬೆಳ್ಳಗೇ ಇತ್ತು. ಅದರ ಅಂಚು ಬೆಳ್ಳಗೇ ಇತ್ತು, ಬೋಲ್ಟೆಲ್ಲ ಬೆಳ್ಳಗೇ. ಆಮೇಲೆ ಎಂಜಿನ್ನಿನ ಹಿಂಬದಿಯಲ್ಲಿ, ಬಹಳ ಮೇಲೆ, ಕತ್ತಲೆಯಿಂದ ಒಂದು ಕಪ್ಪು ಗೆರೆ ಹೊರಟಿತು. ಅವಸರವಿಲ್ಲದೆ, ಮೆಟ್ಟಿಲಿಳಿಯುವ ಮುದುಕಿಯ ಹಾಗೆ ಅಲ್ಲಲ್ಲಿ ನಿಂತು ಇಳಿದು ಬಂದು ಚೇಂಬರಿನ ಮೂಲೆಗೆ ಮುಟ್ಟಿ ಹನಿಯಾಗಿ ಕೂತಿತು. ಮಾವನ ಬೆರಳು ಎದ್ದಿತು. ಹೇಳಲು ಬಾಯಿ ತೆರೆದು, ಅಭ್ಯಾಸದಂತೆ ಮಗಳಿಗಾಗಿ ಆಚೆ ಈಚೆ ಕಣ್ಣಾಡಿಸಿದ. ಮಗಳು ತಲೆಯ ಮೇಲೆ ಎಲ್ಲೋ ಆಕ್ಸಿಲರೇಟರ್ ಒತ್ತುತ್ತಿದ್ದಳು. ಮಾತು ಬಾಯಿಯವರೆಗೆ ಬಂದಾಗಿತ್ತು, ನುಂಗಿದರೆ ಪೌಡರೂ ಹೊಟ್ಟೆಗೆ ಹೋಗುತ್ತಿತ್ತು.

"ಮೇಲಿಂದ ಬರ್ತಾ ಇದೆ, ನೋಡಪ್ಪ."

ಆ 'ಅಪ್ಪ' ಎಂಬುದು ಬಿದ್ದದ್ದೇ ತಡ, ಇಬ್ಬರೂ ಕಣ್ಣು ಮಿಟುಕಿಸದೆ ಎಂಜಿನ್ನನ್ನೇ ನೋಡುತ್ತ ಮಲಗಿಬಿಟ್ಟರು. ಕೊನೆಗೆ ಬಾಯಿ ತೆರೆದವನು ಗಾಜಿನವನು. ಹೌದು ಮಾವ, ಟ್ಯಾಪೆಟ್ ಕವರಿಂದ ಎಂದು ಕೂಗಿದ, ಎಂಜಿನ್ನಿನ ಸದ್ದಿನಲ್ಲಿ ಕೂಗದೆ ವಿಧಿಯಿರಲಿಲ್ಲ. ಟ್ಯಾಪೆಟ್ ಕವರೆಂದರೆ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ. ಅದನ್ನು ತೆಗೆದರೆ ವಾಲ್ವುಗಳ ಟಕಟಕವನ್ನು ಹದ ಮಾಡಬಹುದು. ಆ ಕವರು ನಾನು ಮುಟ್ಟೇ ಇಲ್ಲ ಮಾವ ಎಂದು ಮತ್ತೆ ಕೂಗಿದ. ಮಾವ ಎತ್ತಿದ್ದ ಬೆರಳನ್ನು ಮೆಲ್ಲಗೆ ಇಳಿಸಿಕೊಂಡ. ಮೇಲೆ ಕೂತ ಮಗಳಿಗೆ ಕೆಳಗೇನೋ ಕೂಗಾಟ ಕೇಳಿ, ಯಾರದೋ ಕೈ ಎಂಜಿನ್ನಿಗೆ ಸಿಕ್ಕಿಕೊಂಡಿತೆಂದು ಗಾಬರಿಯಾಗಿ ಗಾಡಿ ಬಂದ್ ಮಾಡಿದಳು. ಸರಿಯಾಗಿ ಆ ಹೊತ್ತಿಗೇ ಮಾವ ಧೈರ್ಯ ಮಾಡಿ, ಎಂಜಿನ್ನಿನ ಸದ್ದು ಮೀರುವ ಹಾಗೆ ಇದ್ದ ಗಂಟಲೆಲ್ಲ ಬಿಟ್ಟಿದ್ದ.

"ನಾನು ಮುಟ್ಟಿದೀನಿ."

ಬೀದಿಯ ಆ ತುದಿಯಲ್ಲಿ ಇಸ್ತ್ರಿ ಮಾಡುತ್ತಿದ್ದವನು ಪೆಟ್ಟಿಗೆ ಕೆಳಗಿಟ್ಟು, ಯಾರನ್ನು ಎಂದು ಓಡಿ ಬಂದ. ನಾನು ಅವನನ್ನು ಜಗಲಿಯಲ್ಲೇ ಹಿಡಿದು ಕೂರಿಸಿಕೊಂಡೆ.

ಆಮೇಲಿನದನ್ನು ಮಾವ ಮೆಲ್ಲಗೆ ಹೇಳಿದ. ಮಗಳ ಮನೆಗೆ ಬಂದಾಗಲೆಲ್ಲ, ಅಳಿಯ ಉಂಡು ಮಲಗಿದ ಮೇಲೆ ಬಾನೆಟ್ಟು ಎತ್ತುತ್ತಿದ್ದನಂತೆ. ಕವರು ಬಿಚ್ಚಿ, ಟಕಟಕ ಹದ ಮಾಡಿ, ತಿರುಗಿ ಮುಚ್ಚುತ್ತಿದ್ದನಂತೆ. ಹದ ತಪ್ಪಿರಲಿಲ್ಲ, ಆದರೂ ಮಾಡುತ್ತಿದ್ದ. ಕವರಿನ ಅಡಿಯ ಕಾರ್ಕಿನ ಪ್ಯಾಕಿಂಗ್ ಬಿಚ್ಚಿ ಬಿಚ್ಚಿ ಗಡುಸಾಗಿತ್ತು. ಹೊಸದು ಬೇಕೆಂದರೆ ಯಾಕೆ ಎಂದು ಮಗಳು ಕೇಳುತ್ತಾಳೆ, ಮಗಳಿಗೆ ಹೇಳಿದರೆ ಅಳಿಯನಿಗೆ ಗೊತ್ತಾಗುತ್ತದೆ. ಹಾಗಾಗಿ ಹಳೆಯದನ್ನೇ ಕೂರಿಸುತ್ತಿದ್ದ. ಅದರ ಮೈ ಮುಟ್ಟದೆ ನಿದ್ದೆ ಬರಲ್ಲಪ್ಪ ಎಂದ. ಗಾಜಿನವನೂ ತನ್ನ ಹೊಟ್ಟೆಯಲ್ಲಿದ್ದ ಟಣ್ ಅನ್ನೇ ತೆಗೆದು ಮಾವನ ಮುಂದಿಟ್ಟ. ರಸ್ತೆ, ಉಬ್ಬು, ಹುಮ್ಮಸ್ಸು, ಒಂದನ್ನೂ ಬಿಡದೆ. ಮಾವ ಕೇಳಿಸಿಕೊಂಡು ಚೇಂಬರಿನ ತಳವನ್ನು ಅಂಗೈಯಿಂದ ಸವರಿದ, ಎಮ್ಮೆಯ ಹೊಟ್ಟೆ ಸವರುವವರ ಹಾಗೆ. ಇಲ್ಲೊಂದು ತಗ್ಗು, ಇದು ಸೇತುವೆ ಹತ್ತಿರ ಆಗಿದ್ದು. ಇದು ಮಗಳು ಹುಟ್ಟಿದ ಸುದ್ದಿ ಕೇಳಿ ಓಡಿಸಿಕೊಂಡು ಬಂದಾಗ ಆಗಿದ್ದು. ಇದು ಯಾಕಾಯಿತೋ ನೆನಪಿಲ್ಲ, ಖುಷಿಯಲ್ಲಿದ್ದೆ. ನಿನ್ನದು ಯಾವುದೋ ಹುಡುಕಿಕೋ, ಖಾಲಿ ಜಾಗ ಇದ್ದರೆ ತಾನೇ ಎಂದ. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಗುವಿಗೆ ಪೌಡರ್ ಎದ್ದು, ಪೌಡರಿಗೆ ಸೀನು ಬಂದು, ಸೀನಿಗೆ ಗಾಡಿ ಹಲಗೆಯಿಂದ ಒಂದು ಗೇಣು ಮೇಲೆದ್ದು ಕೂತಿತು. ಒಂದು ಗೇಣು ಅಲ್ಲ ಅನ್ನುವವರು ಇಸ್ತ್ರಿಯವನನ್ನು ಕೇಳಿ, ಅವನು ಒಂದೂವರೆ ಅನ್ನುತ್ತಾನೆ.

ಉಳಿದದ್ದು ಗಾಜಿನವನ ಸ್ವಂತ ಕೆಲಸ. ಗಾಜಿಗೆ ಗಾಜು ತಾಗದಿರಲೆಂದು ನಡುವೆ ಇಡುವ ಕಾರ್ಕಿನ ಹಾಳೆ ಅವನ ಅಂಗಡಿಯಲ್ಲಿ ಸುರುಳಿಗಟ್ಟಲೆ ಇತ್ತು. ಕವರನ್ನು ಅದರ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದು, ಚಾಕು ಹಿಡಿದ. ಗಾಜು ಕೊಯ್ಯುವವನ ಕೈ ಅದು, ಒಮ್ಮೆ ಊರಿದರೆ ನಡುವೆ ಎತ್ತುವುದಿಲ್ಲ. ಮಾವ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಂಚು ಒಂದೇ ಎಳೆಯಲ್ಲಿ ಬಳುಕಿ ಬಂದಾಗ ಏನೋ ಹೇಳಲು ಹೋಗಿ, ಮಗಳು ಪಕ್ಕದಲ್ಲೇ ನಿಂತಿದ್ದರಿಂದ ನಾಚಿಕೊಂಡು, ಕೆಮ್ಮಿ ಸ್ಪ್ಯಾನರ್ ಎತ್ತಿಕೊಂಡ. ಬೋಲ್ಟುಗಳನ್ನು ಇಬ್ಬರೂ ಬಿಗಿದರು, ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ, ಸ್ವಲ್ಪ ಸ್ವಲ್ಪವಾಗಿ, ಕಾರ್ಕು ಹಿಸುಕದ ಹಾಗೆ. ಗಾಡಿಯನ್ನು ಊರು ಸುತ್ತಿಸಿ ತಂದು, ಹೆಂಡತಿ ಒಗೆದಿಟ್ಟ ಬಿಳಿ ಚಾದರದ ಮೇಲೆ ನಿಲ್ಲಿಸಿದರು.

ಸಂಜೆ ಷಡ್ಡಕ ಬಂದ, ತೊಳೆದ ಚಪ್ಪಲಿ, ಬಗಲಲ್ಲಿ ಸ್ಟೀರಿಂಗಿಗೆ ಹಾಕುವ ಹೊಸ ಕವರು. ಅಂಗಳದಲ್ಲಿ ಹಿಟ್ಟಿನಲ್ಲಿ ಹೊರಳಿದಂಥ ಮೂವರು ಒಂದು ಚಾದರವನ್ನು ನೋಡುತ್ತ ಕೂತಿದ್ದು ಕಂಡು ಅವನೂ ಬಗ್ಗಿದ. ಬಗ್ಗಿದವನು ಮಂಡಿಯೂರಿದ, ಮಂಡಿಯೂರಿದವನು ಮಲಗಿದ. ಚಾದರ ಬೆಳ್ಳಗೇ ಇತ್ತು. ಅವನು ಎದ್ದು, ತನ್ನ ಅಂಗಿಗೆ ಹತ್ತಿದ್ದ ಪೌಡರ್ ಮೂಸಿ, ಇದರಲ್ಲಿ ಆಯಿಲ್ ವಾಸನೆಯೇ ಇಲ್ಲವಲ್ಲ ಎಂದು ಬೇಸರದಿಂದ ಹೇಳಿದ. ಗಾಜಿನವನು ಕೀಲಿ ಹಿಡಿದುಕೊಂಡು ನಿಂತಿದ್ದ. ಮಾವ ಮಗಳ ಕಡೆ ತಿರುಗಿ, ನಿನ್ನ ಗಂಡನಿಗೆ ಹೇಳು ಎಂದು ಶುರು ಮಾಡಿದ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ನಾನು ಹೇಳಲ್ಲ. ಗಾಡಿ ಕೆಳಗೆ ಬಾಯಿ ಇತ್ತಲ್ಲ," ಎಂದಳು.

ಮಾವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಳಿಯನನ್ನು ನೋಡಲಾಗದು, ಮಗಳು ಕೈಬಿಟ್ಟಳು, ಚಿಕ್ಕ ಅಳಿಯನಿಗೆ ಹೇಳುವ ಮಾತಲ್ಲ. ಕೊನೆಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ಗಾಡಿಗೇ ಹೇಳಿದ.

"ನೀನು ಇಲ್ಲೇ ಇರಮ್ಮ. ಚೆನ್ನಾಗಿ ನೋಡ್ಕೋತಾರೆ."

ಗಾಜಿನವನೂ ಗಾಡಿಯ ಕಡೆಗೇ ತಿರುಗಿದ. ಇನ್ನು ಮೇಲೆ ನಾನು ಉಂಡು ಮಲಗೋವರೆಗೆ ಯಾರೂ ಕಾಯಬೇಕಾಗಿಲ್ಲ, ಎದ್ದಿರುವಾಗಲೇ ಬಾನೆಟ್ಟು ಎತ್ತಬಹುದು, ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ ಎಂದ. ಷಡ್ಡಕ ಈ ಮನೆಯಲ್ಲಿ ಈಗ ಗಾಡಿಯ ಜೊತೆಯೂ ಮಾತಾಡಬೇಕೆಂದು ತಿಳಿದು, ತಾನೂ ಮುಂದೆ ಬಂದು ಬಹಳ ಮರ್ಯಾದೆಯಿಂದ ಗಾಡಿಗೆ ನಮಸ್ಕಾರ ಹೇಳಿ, ತಂದಿದ್ದ ಸ್ಟೀರಿಂಗ್ ಕವರನ್ನು ತಾನೇ ಹಾಕಿಕೊಟ್ಟ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅದು ಹಾಗಿರಲಿ, ಅಲ್ಲಿ ಮರದಡಿ ನಿಲ್ಲಿಸಿರುವುದು ನಿಮ್ಮ ಗಾಡಿಯೇ ಅಲ್ಲವೇ? ಕೆಳಗೆ ಏನೋ ಕಪ್ಪಗೆ ಕಾಣುತ್ತಿದೆ. ನೆರಳಿರಬಹುದು, ಇಲ್ಲದಿರಬಹುದು. ಹೋಗಿ ಅಂಗಾತ ಮಲಗಿ ಸರಿಯಾಗಿ ನೋಡಿ ಬನ್ನಿ, ಅವಸರ ಬೇಡ. ಅಲ್ಲಿಯವರೆಗೆ ನಿಮ್ಮ ಟೀ ಆರದಂತೆ, ಆ ತಟ್ಟೆಯ ಬಿಸ್ಕತ್ತಿಗೆ ಇರುವೆ ಹತ್ತದಂತೆ ನಾನು ನೋಡಿಕೊಳ್ಳುತ್ತೇನೆ.